ಈರುಳ್ಳಿ ಚೀಲದ ಕೆಳಗಿನ ಲಂಗರು

(ವಾಸ್ಕೊದಲ್ಲಿ ಕನ್ನಡಿಗರ ಸಂಜೆ ಕೂಟವೊಂದರಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಇಷ್ಟು ಜನ ಸೇರಿದ್ದೀರಿ. ಅದು ನನ್ನ ಮಾತು ಕೇಳೋದಕ್ಕಲ್ಲ, ಆಮೇಲೆ ಬರೋ ಮಿರ್ಚಿ ಮಂಡಕ್ಕಿಗೆ ಅಂತ ಗೊತ್ತು. ಬೇಗ ಮುಗಿಸುತ್ತೇನೆ.

ನನ್ನದೊಂದು 26 ಅಡಿಯ ಫೈಬರ್ ಹಾಯಿದೋಣಿ ಇದೆ. ನನ್ನದು ಅಂದರೆ ಅರ್ಧ ನನ್ನದು, ಅರ್ಧ ಗೆಳೆಯನದು. ನವೆಂಬರ್ ಕೊನೆಗೆ ಇಬ್ಬರೂ ಪಣಜಿಯಿಂದ ಮಲ್ಪೆಗೆ ಹೊರಡುತ್ತೇವೆ. ಸುಮಾರು 140 ನಾಟಿಕಲ್ ಮೈಲಿ, ಅಂದರೆ 260 ಕಿಲೋಮೀಟರ್. ನಮ್ಮ ವೇಗ ನಾಲ್ಕು ನಾಟ್, ಗಂಟೆಗೆ ಏಳೂವರೆ ಕಿಲೋಮೀಟರ್. ಸೈಕಲ್ ಹೊಡೆಯುವ ಹುಡುಗ ನಮಗಿಂತ ಮುಂಚೆ ಉಡುಪಿ ಮುಟ್ಟುತ್ತಾನೆ.

ಸುದ್ದಿ ಕೇಳಿದವರೆಲ್ಲ ಮೊದಲು ಕೇಳುವುದು, ‘ಬಿರುಗಾಳಿ ಬಂದರೆ ಏನು ಮಾಡ್ತೀರಿ?’ ಬರುತ್ತದೆ, ಇಲ್ಲ ಅನ್ನುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಇದೇ ಗೋವಾದಲ್ಲಿ ಮರ ಉರುಳಿಸಿದ್ದು ನೆನಪಿದೆ ಅಲ್ವಾ? ಆದರೆ ಚಂಡಮಾರುತದ ಮುನ್ಸೂಚನೆ ದಿನಗಳ ಮುಂಚೆಯೇ ಸಿಗುತ್ತದೆ. ಸುಮ್ನೆ ಬಂದರಿನಲ್ಲೇ ಇದ್ದರಾಯಿತು. ನನಗೆ ನಿಜವಾದ ಭಯ ದಡದ್ದು. ಬಂಡೆ, ಬಲೆ, ನದಿ ಬಾಯಿಯ ಮರಳು ಇವಕ್ಕೆ ಯಾರೂ ಮುನ್ಸೂಚನೆ ಕೊಡುವುದಿಲ್ಲ.

ಪಣಜಿಯ ಪಕ್ಕದಲ್ಲೇ ಇರುವ ದಿವಾಡಿ ದ್ವೀಪದಲ್ಲಿ ಕಟ್ಟಿದ 56 ಅಡಿಯ ಹಾಯಿದೋಣಿ ‘ಮ್ಹಾದೆಯಿ’. ನೌಕಾಪಡೆಯ ದಿಲೀಪ್ ದೋಂದೆ ಅದರಲ್ಲಿ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. (ಮ್ಹಾದೆಯಿ ಅಂದರೆ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಅದೇ ಮಹದಾಯಿ. ನೀರಿಗಾಗಿ ರಾಜ್ಯಗಳು ಜಗಳ ಆಡುತ್ತವೆ, ಹೆಸರು ಮಾತ್ರ ಜಗತ್ತು ಸುತ್ತಿ ಬಂತು.) ಅಂಥ ಯಾನದ ಕಷ್ಟ ನಮಗೆ ಊಹೆಗೂ ಸಿಗದು. ಆದರೆ ಒಂದು ಅನುಕೂಲ ಅವರಿಗಿತ್ತು. ನಡುಸಮುದ್ರದಲ್ಲಿ ಎಂಜಿನ್ ಕೆಟ್ಟರೆ ಗುದ್ದಲು ಸುತ್ತ ಏನೂ ಇಲ್ಲ. ನಮಗೆ ಎಡಗಡೆ ಇಡೀ ಕರಾವಳಿ ಕಾದು ಕೂತಿರುತ್ತದೆ.

ಹೀಗಾಗಿ ನಮ್ಮ ತಯಾರಿಯೆಲ್ಲ ದಡದ ಭಯದಿಂದ ಆದದ್ದು. ಮಳೆಗಾಲದಲ್ಲಿ ದೋಣಿ ನೆಲದ ಮೇಲಿರುತ್ತದೆ. ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು, ಬಣ್ಣ ಬಳಿಯುವುದು, ಹಾಯಿಕಂಬ ಹಿಡಿದಿರುವ ತಂತಿಗಳಲ್ಲಿ ಒಂದೊಂದು ಎಳೆಯನ್ನೂ ಬೆರಳಿಂದ ಮುಟ್ಟಿ ನೋಡುವುದು, ಎಲ್ಲ ಆಗಲೇ. ಜೊತೆಗೆ ದೋಣಿಯ ತೂತುಗಳನ್ನು ನೋಡಬೇಕು. ಹೌದು, ದೋಣಿಗೆ ನಾವೇ ಕೊರೆದ ತೂತುಗಳಿವೆ! ನಮ್ಮದರಲ್ಲಿ ಮೂರು. ಎಂಜಿನ್ ತಣಿಸುವ ನೀರಿಗೆ ಒಂದು, ಸಿಂಕಿಗೆ ಒಂದು, ಕಕ್ಕಸಿಗೆ ಒಂದು. ಒಂದೊಂದಕ್ಕೂ ಒಂದು ವಾಲ್ವ್.

ಹೋದ ವರ್ಷ ಸಿಂಕಿನ ವಾಲ್ವ್ ಹಿಡಿ ತಿರುಗಿಸಿದೆ. ಹಿಡಿ ಕೈಗೇ ಬಂತು. ಮುರಿದ ಜಾಗ ನೋಡಿದರೆ ಹಳದಿ ಇಲ್ಲ, ಬೆಳ್ಳುಳ್ಳಿ ಸಿಪ್ಪೆಯ ಹಾಗೆ ತಿಳಿಗುಲಾಬಿ. ಸ್ಕ್ರೂಡ್ರೈವರಿನಿಂದ ಕೆರೆದರೆ ಪುಡಿ ಉದುರುತ್ತಿದೆ. ಕಂಚು ಅಂತ ಹೇಳಿ ಅಂಗಡಿಯವನು ಹಿತ್ತಾಳೆ ಕೊಟ್ಟಿದ್ದ. ಹಿತ್ತಾಳೆಯಲ್ಲಿರುವ ಸತುವನ್ನು ಉಪ್ಪುನೀರು ಮೆಲ್ಲಗೆ ತಿಂದುಬಿಡುತ್ತದೆ, ಉಳಿಯುವುದು ತಾಮ್ರದ ಜೊಳ್ಳು. ಒಂದೂವರೆ ಇಂಚಿನ ತೂತು ನೀರಿನ ಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗಿದ್ದರೆ ನಿಮಿಷಕ್ಕೆ ನೂರು ಲೀಟರಿಗೂ ಜಾಸ್ತಿ ನೀರು ಒಳಗೆ ನುಗ್ಗುತ್ತದೆ. ಈಗ ಮೂರೂ ಕಂಚಿನವು. ಒಂದೊಂದರ ಪಕ್ಕದಲ್ಲೂ ಅದೇ ಅಳತೆಯ ಮರದ ಬಿರಡೆ ದಾರದಲ್ಲಿ ನೇತಾಡುತ್ತಿದೆ. ಬೇಕಾದಾಗ ಹುಡುಕುತ್ತ ಕೂರುವ ಹಾಗಿಲ್ಲ.

ಇನ್ನು ಲಂಗರಿನ ಕತೆ. ಇದನ್ನು ಹೇಳಲು ಸ್ವಲ್ಪ ನಾಚಿಕೆ. ಹೋದ ಜನವರಿಯಲ್ಲಿ ಕಾರವಾರಕ್ಕೆ ಹೊರಟಿದ್ದೆವು. ನಮ್ಮ ಕರಾವಳಿಯಲ್ಲಿ ಚಳಿಗಾಲದ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾಗಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಬೀಸುತ್ತದೆ. ಮಧ್ಯಾಹ್ನದಿಂದ ಕಡಲ ಕಡೆಯಿಂದ, ವಾಯವ್ಯದಿಂದ. ನಡುವೆ ಒಂದೆರಡು ಗಂಟೆ ಎಲೆಯೂ ಅಲ್ಲಾಡುವುದಿಲ್ಲ. ಆ ಹೊತ್ತಿಗೆ ನಾವು ದಕ್ಷಿಣ ಗೋವಾದ ಕಾಬೊ ದ ರಾಮದ ಬಂಡೆಗಳ ಎದುರು ಇದ್ದೆವು. ಬೇಕಿದ್ದಕ್ಕಿಂತ ತುಂಬಾ ಹತ್ತಿರ, ಮೇಲಿನ ಕೋಟೆ ನೋಡುವ ಆಸೆಗೆ. ಅಲ್ಲೇ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಡೀಸೆಲ್ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಗಸಿ ಅಲೆಗೆ ಕಲಕಿ ಫಿಲ್ಟರ್ ಕಟ್ಟಿಕೊಂಡಿತ್ತು. ಇನ್ನೊಂದು ಫಿಲ್ಟರ್ ಇರಲಿಲ್ಲ. ಅಲೆ ಮೆಲ್ಲಗೆ ಬಂಡೆಯ ಕಡೆಗೆ ತಳ್ಳುತ್ತಿದೆ. ‘ಲಂಗರು ಹಾಕೋ ಮಾರಾಯಾ’ ಅಂದೆ. ಗೆಳೆಯ ಮುಂದಿನ ಪೆಟ್ಟಿಗೆ ತೆಗೆದ. ಮೇಲೆ ಹತ್ತು ಕಿಲೋ ಈರುಳ್ಳಿ. ಅದರ ಕೆಳಗೆ ಅಕ್ಕಿ, ಹಾಸಿಗೆ, ಅವನ ಹೆಂಡತಿ ಕೊಟ್ಟ ಚಕ್ಕುಲಿ ಡಬ್ಬ. ಎಲ್ಲದರ ಕೆಳಗೆ ಲಂಗರು. ಈರುಳ್ಳಿ ಡೆಕ್ಕಿನ ತುಂಬ ಉರುಳಾಡಿದವು. ಲಂಗರು ನೀರಿಗೆ ಬಿತ್ತು, ಸರಪಳಿ ಓಡಿತು, ಹಗ್ಗ ಓಡಿತು. ಆಗ ನೆನಪಾಯಿತು, ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿಲ್ಲ! ಗೆಳೆಯ ಎರಡು ಕಾಲನ್ನೂ ಅದರ ಮೇಲೆ ಊರಿ ನಿಂತ. ಲಂಗರು ಕಚ್ಚಿತು. ಒಂದು ಗಂಟೆ ಕಾದೆವು. ಕಡಲ ಗಾಳಿ ಎದ್ದ ಮೇಲೆ ಹಾಯಿ ಬಿಚ್ಚಿ, ಮೊದಲು ದಡದಿಂದ ದೂರ ಸರಿದು, ಕತ್ತಲಾಗುವಷ್ಟರಲ್ಲಿ ಕಾರವಾರ ಮುಟ್ಟಿದೆವು.

ಈಗ ಟ್ಯಾಂಕ್ ತೊಳೆದಾಗಿದೆ, ನಾಲ್ಕು ಫಿಲ್ಟರ್ ಇವೆ. ಫಿಲ್ಟರ್ ಬದಲಿಸಿ ಪೈಪಿನ ಗಾಳಿ ತೆಗೆಯುವುದನ್ನು ಇಬ್ಬರೂ ಕತ್ತಲಲ್ಲಿ ಮಾಡಿ ಕಲಿತಿದ್ದೇವೆ. ಹಗ್ಗದ ತುದಿ ಬಿಗಿಯಾಗಿದೆ. ನೀರು ಹತ್ತು ಮೀಟರ್ ಆಳ ಇದ್ದರೆ ಸರಪಳಿ, ಹಗ್ಗ ಸೇರಿ ಕನಿಷ್ಠ 50 ಮೀಟರ್ ಬಿಡುತ್ತೇವೆ. ಕಡಿಮೆ ಬಿಟ್ಟರೆ ಲಂಗರು ಮಲಗುವುದಿಲ್ಲ, ಮಣ್ಣಿಗೆ ಕಚ್ಚುವುದೂ ಇಲ್ಲ.

ರಾತ್ರಿ ಯಾನ ಈ ಸಲ ಇಲ್ಲ. ದಡದ ಹತ್ತಿರ ರಾತ್ರಿ ಎಷ್ಟೋ ಬಲೆಗಳಿಗೆ ಗುರುತು ಅಂದರೆ ಒಂದು ಥರ್ಮಾಕೋಲ್ ತುಂಡು. ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಬಿಡಿಸಲು ಒಬ್ಬ ನೀರಿಗೆ ಇಳಿಯಲೇಬೇಕು. ಹರಿತವಾದ ಹಲ್ಲಿನ ಚಾಕು, ಕಣ್ಣಿಗೆ ಮಾಸ್ಕ್ ಕೈಗೆ ಸಿಗುವಲ್ಲೇ ಇವೆ. ಕತ್ತರಿಸಿದ್ದು ಬಡ ಮೀನುಗಾರನ ಬಲೆ ಅನ್ನುವುದೂ ನೆನಪಿರಬೇಕು.

ನದಿ ಕಡಲು ಸೇರುವ ಅಳಿವೆಗಳ ವಿಷಯದಲ್ಲಿ ನಾನು ಹಟಮಾರಿ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ನಕ್ಷೆ ತೋರಿಸಿದ ದಾರಿ ಈಗ ಇಲ್ಲದಿರಬಹುದು. ಇಳಿತದಲ್ಲಿ ನದಿ ನೀರು ಹೊರಗೆ, ಕಡಲ ಅಲೆ ಒಳಗೆ, ಎರಡೂ ಡಿಕ್ಕಿ ಹೊಡೆದು ಅಲೆ ನೆಟ್ಟಗೆ ಎದ್ದು ಒಡೆಯುತ್ತದೆ. ಉಬ್ಬರದಲ್ಲಿ, ಒಂದು ಮೀನು ದೋಣಿಯ ಬೆನ್ನು ಹಿಡಿದು ಒಳಗೆ ಹೋಗುವುದೇ ಸರಿ. ಅದಾಗದಿದ್ದರೆ ಹೊರಗೇ ಇರುತ್ತೇವೆ.

ಉಳಿದದ್ದು ನಿಮಗೂ ಗೊತ್ತಿರುವುದೇ. ಲೈಫ್ ಜಾಕೆಟ್, ಅಪಾಯದ ಕರೆಗೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್, ಕೋಸ್ಟ್ ಗಾರ್ಡ್ ನಂಬರ್ 1554. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ನೀರು, ಬೇರೆ ಬೇರೆ ಕ್ಯಾನಿನಲ್ಲಿ.

ದೋಣಿ ಈಗ ಪಣಜಿ ಪಕ್ಕದ ರಿಬಂದರ್ ಹತ್ತಿರ ನೆಲದ ಮೇಲಿದೆ. ಮುಂದಿನ ಭಾನುವಾರ ತಳಕ್ಕೆ ಕೊನೆಯ ಕೋಟ್ ಬಣ್ಣ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಬ್ರಷ್ ನಾನು ಕೊಡುತ್ತೇನೆ. ಈರುಳ್ಳಿ ಎಲ್ಲಿಟ್ಟಿದ್ದೇವೆ ಅಂತಲೂ ತೋರಿಸುತ್ತೇನೆ.