ಮದ್ದು ಹಾಕಿದವಳ ಕಥೆ: ಆನಾ ಬಿಲ್ಲರ್ ಅವರ ಸಿನಿಮಾ

ಕೇಳುಗರೆ, ನಮಸ್ಕಾರ.

ಹಾರರ್ ಚಿತ್ರಗಳಲ್ಲಿ ಹೆಣ್ಣು ಬಹುಮಟ್ಟಿಗೆ ಕಿರುಚುವುದಕ್ಕೆ, ಓಡುವುದಕ್ಕೆ, ಕೊನೆಗೆ ಸಾಯುವುದಕ್ಕೆ ಇರುತ್ತಾಳೆ. ಅವಳನ್ನು ನೋಡುವ ಕಣ್ಣು ಮಾತ್ರ ಗಂಡಿನದೇ ಆಗಿರುತ್ತದೆ. ಆ ಕಣ್ಣನ್ನೇ ಬದಲಿಸಲು ಹೊರಟವರು ಅಮೆರಿಕದ ಸ್ವತಂತ್ರ ನಿರ್ದೇಶಕಿ ಆನಾ ಬಿಲ್ಲರ್.

ಲಾಸ್ ಏಂಜಲೀಸ್‌ನ ಬಿಲ್ಲರ್ ಅವರ ತಂದೆ ಚಿತ್ರಕಲಾವಿದ, ತಾಯಿ ವಸ್ತ್ರವಿನ್ಯಾಸಕಿ. ಕ್ಯಾಲಿಫೋರ್ನಿಯಾದಲ್ಲಿಯೇ ಕಲೆಯನ್ನೂ ಸಿನಿಮಾವನ್ನೂ ಓದಿದ ಅವರು 1990ರ ದಶಕದಲ್ಲಿ 16 ಎಂ.ಎಂ. ಕಿರುಚಿತ್ರಗಳಿಂದ ಆರಂಭಿಸಿದರು. 2001ರ ಒಂದು ಕಿರುಚಿತ್ರದಲ್ಲಿ, ಇರುಳು ಬಂದು ಹೆಣ್ಣನ್ನು ಪೀಡಿಸುವ ಪಿಶಾಚಿಯ ಕಥೆಯನ್ನು ಕೌಬಾಯ್ ಕಾಲದ ಹಾಡು-ಕುಣಿತಗಳ ನಡುವೆ ಹೇಳಿದರು. 2007ರ ‘ವಿವಾ’ ಅವರ ಮೊದಲ ಪೂರ್ಣಾವಧಿ ಚಿತ್ರ. 1970ರ ದಶಕದ ಲೈಂಗಿಕ ಕ್ರಾಂತಿಯು ಗೃಹಿಣಿಯೊಬ್ಬಳಿಗೆ ಬಿಡುಗಡೆಯ ಹೆಸರಿನಲ್ಲಿ ಕೊಟ್ಟದ್ದಾದರೂ ಏನು ಎಂದು ಅದು ಕೇಳುತ್ತದೆ. ಆ ಗೃಹಿಣಿಯ ಪಾತ್ರವನ್ನು ಬಿಲ್ಲರ್ ಅವರೇ ವಹಿಸಿದ್ದಾರೆ.

ಅವರಿಗೆ ದೊಡ್ಡ ಹೆಸರು ತಂದದ್ದು 2016ರ ‘ದಿ ಲವ್ ವಿಚ್’. ಅದರ ನಾಯಕಿ ಎಲೇನ್ ಪ್ರೀತಿಗಾಗಿ ಹಂಬಲಿಸುವ ಮಾಟಗಾತಿ. ಅವಳು ಗಂಡಸರಿಗೆ ಮದ್ದು ಹಾಕುತ್ತಾಳೆ. ಆದರೆ ಮದ್ದು ತಲೆಗೇರಿದ ಮೇಲೆ ನಡೆಯುವುದನ್ನು ನೋಡಿ: ಭಾವನೆಗಳನ್ನು ಎಂದೂ ಹೊತ್ತು ಅಭ್ಯಾಸವಿಲ್ಲದ ಸಾಹಿತ್ಯದ ಪ್ರಾಧ್ಯಾಪಕನೊಬ್ಬ ಮಗುವಿನಂತೆ ಅತ್ತು, ಹಾಸಿಗೆ ಹಿಡಿದು, ಸತ್ತೇ ಹೋಗುತ್ತಾನೆ. ಅವನನ್ನು ಹೂಳುವಾಗ ಎಲೇನ್ ತನ್ನ ಮೂತ್ರವನ್ನೂ ಮುಟ್ಟಿನ ರಕ್ತವನ್ನೂ ಸೇರಿಸಿದ ಮಂತ್ರದ ಬಾಟಲಿಯೊಂದನ್ನು ಜೊತೆಗಿಡುತ್ತಾಳೆ. ಸಿನಿಮಾ ನಾಚಿಕೆಯಿಂದ ಮುಚ್ಚಿಟ್ಟಿದ್ದ ಹೆಣ್ಣಿನ ದೇಹದ ದಿನನಿತ್ಯದ ಸತ್ಯ ಇಲ್ಲಿ ಸಂಸ್ಕಾರದ ಸಾಮಗ್ರಿಯಾಗುತ್ತದೆ. ನನಗೆ ಇಡೀ ಚಿತ್ರದಲ್ಲಿ ಇದೇ ಅತ್ಯಂತ ಧೈರ್ಯದ ಕ್ಷಣವೆನಿಸುತ್ತದೆ.

ಈ ಚಿತ್ರದ ಕಥೆ, ನಿರ್ದೇಶನ, ನಿರ್ಮಾಣ, ಸಂಕಲನ, ಸಂಗೀತ, ಉಡುಪು, ಕಲಾವಿನ್ಯಾಸ, ಎಲ್ಲವೂ ಬಿಲ್ಲರ್ ಅವರದೇ. ಎಲೇನ್‌ಳ ಮನೆಯಲ್ಲಿ ಹಾಸಿರುವ ಪಂಚಕೋನ ನಕ್ಷತ್ರದ ಕಂಬಳಿಯನ್ನು ಕೂಡ ಅವರು ಕೈಯಾರೆ ಮಾಡಿದರು. ಡಿಜಿಟಲ್ ಕ್ಯಾಮೆರಾ ಸುಲಭವಾಗಿ ಸಿಗುವ ಕಾಲದಲ್ಲಿ 35 ಎಂ.ಎಂ. ಫಿಲ್ಮ್‌ನಲ್ಲಿ ಚಿತ್ರೀಕರಿಸಿ, ನೆಗೆಟಿವ್ ಅನ್ನೇ ಕತ್ತರಿಸಿ ಜೋಡಿಸುವ ಹಳೆಯ ಕ್ರಮವನ್ನು ಆರಿಸಿಕೊಂಡರು. ಇದನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಸೆಟ್ಟಿನ ಬಣ್ಣ, ಮುಖದ ಮೇಲಿನ ಬೆಳಕು, ಲಂಗದ ಹೊಲಿಗೆ ಬೇರೆಯವರ ನಿರ್ಧಾರವಾದರೆ ಹೆಣ್ಣಿನ ದೃಷ್ಟಿ ಚಿತ್ರಕಥೆಯ ಕಾಗದದಲ್ಲಿಯೇ ಉಳಿದುಬಿಡುತ್ತದೆ. ಇಷ್ಟನ್ನೂ ಒಬ್ಬರೇ ಮಾಡಹೊರಟರೆ ವರ್ಷಗಳೇ ಉರುಳುತ್ತವೆ; ಎರಡು ಚಿತ್ರಗಳ ನಡುವಿನ ದೀರ್ಘ ಅಂತರವೇ ಅದಕ್ಕೆ ಅವರು ತೆತ್ತ ಬೆಲೆ.

ಚಿತ್ರದ ಹೊಳಪನ್ನು ಕಂಡ ಹಲವರು ಇದನ್ನು 1960ರ ದಶಕದ ಅಗ್ಗದ ಚಿತ್ರಗಳ ಅಣಕವೆಂದು ಕರೆದರು. ಬಿಲ್ಲರ್ ಅದನ್ನು ಒಪ್ಪಲಿಲ್ಲ. ಚಿತ್ರದಲ್ಲಿ ಮೊಬೈಲ್ ಫೋನ್ ಇದೆ, ಇಂದಿನ ಕಾರುಗಳಿವೆ; ತಂದೆ ಮತ್ತು ಗಂಡನ ಹೀಯಾಳಿಕೆ ಇನ್ನೂ ಕಿವಿಯಲ್ಲಿ ಮೊಳಗುತ್ತಿರುವ ಎಲೇನ್, ಗಂಡಸರ ಕನಸಿನಂತೆ ತನ್ನನ್ನು ಸಿಂಗರಿಸಿಕೊಂಡರೂ ಪ್ರೀತಿ ದಕ್ಕದ ಇಂದಿನ ಹೆಣ್ಣೇ ಆಗಿದ್ದಾಳೆ.

2023ರಲ್ಲಿ ಅವರು ‘ಬ್ಲೂಬಿಯರ್ಡ್ಸ್ ಕ್ಯಾಸಲ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಹೆಂಡತಿಯರನ್ನು ಕೊಲ್ಲುವ ಗಂಡನ ಹಳೆಯ ಕಥೆಯನ್ನು ಅಲ್ಲಿ ಅವರು ಲೇಖಕಿಯೊಬ್ಬಳ ದಾಂಪತ್ಯದ ಒಳಗಿನಿಂದ ಮತ್ತೆ ಹೇಳಿದ್ದಾರೆ.

ನಮಸ್ಕಾರ.