‘ಇದು ನನ್ನ ವೈಯಕ್ತಿಕ ಅಭಿಪ್ರಾಯ’: ಪಕ್ಷದ ಮಾತು ಒಂದು, ಲೀಡರ್ ಮಾತು ಇನ್ನೊಂದು

(ದೃಶ್ಯ: ಕಲಬುರಗಿಯ ಜಗತ್ ಸರ್ಕಲ್. ಬೆಳಗಿನ ಚಹಾ, ಮಡಚಿದ ಪೇಪರ್)

ನಮಸ್ಕಾರ್ರೀ. ಮೊನ್ನೆ ಇಲ್ಲೇ ಚಹಾ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪೇಪರ್ ಮಡಚಿ ಕೇಳಿದರು: “ಇಂವ ಹಿಂಗಂತಾನ, ಇವನ ಪಾರ್ಟಿ ಹಂಗಂತದ. ನಾವು ಯಾರ ಮಾತ ನಂಬಬೇಕ್ರೀ?”

ಒಳ್ಳೆ ಪ್ರಶ್ನೆ ಅಲ್ವಾ? ಇವತ್ತಿನ ವಿಡಿಯೋ ಅದರ ಮೇಲೆಯೇ.

ಮೊದಲು ನಮ್ಮ ಭಾಗದ್ದೇ ಹಳೇ ಕಥೆ. ಸಂವಿಧಾನದ 371(ಜೆ), ಅಂದರೆ ನಮ್ಮ ಹೈದರಾಬಾದ್ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಬೇಡಿಕೆ. ದಿಲ್ಲಿಯಲ್ಲಿ ಎನ್‌ಡಿಎ ಸರ್ಕಾರವಿದ್ದಾಗ ಗೃಹ ಸಚಿವ ಎಲ್.ಕೆ. ಅಡ್ವಾಣಿ ಆಗಲ್ಲ ಅಂದರು. ಆದರೆ 2010ರಲ್ಲಿ, ರಾಜ್ಯದಲ್ಲಿ ಬಿಜೆಪಿಯದೇ ಸರ್ಕಾರ ಇದ್ದಾಗ, ವಿಧಾನಮಂಡಲ ಅದೇ ಬೇಡಿಕೆ ಪರವಾಗಿ ನಿರ್ಣಯ ಮಾಡಿತು! 2012ರ ಡಿಸೆಂಬರ್‌ನಲ್ಲಿ, ಯುಪಿಎ ಕಾಲದಲ್ಲಿ, ಸಂಸತ್ತು ತಿದ್ದುಪಡಿಗೆ ಒಪ್ಪಿತು. ಅಂದರೆ ‘ಪಕ್ಷದ ನಿಲುವು’ ಅನ್ನುವಾಗ ಯಾವ ಊರಿನ ಪಕ್ಷ ಅಂತಲೂ ಕೇಳಬೇಕಾಗುತ್ತದೆ.

(ದೃಶ್ಯ: ನಕ್ಷೆ. ಬೀದರ್ ಜಿಲ್ಲೆಯ ಭಾಲ್ಕಿ, ಕಲಬುರಗಿ ಜಿಲ್ಲೆಯ ಸೇಡಂ)

ಈಗ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ ಪ್ರಕರಣ. 2017ರ ಜುಲೈನಲ್ಲಿ ಬೀದರ್‌ನಲ್ಲಿ ಲಿಂಗಾಯತರ ದೊಡ್ಡ ಸಮಾವೇಶ ನಡೆಯಿತು. ಪ್ರತ್ಯೇಕ ಧರ್ಮದ ಕೂಗು ಜೋರಾಯಿತು. ಸಿದ್ದರಾಮಯ್ಯ ಸಂಪುಟದಲ್ಲಿ ಆಗ ಅಕ್ಕಪಕ್ಕದ ಜಿಲ್ಲೆಯ ಇಬ್ಬರು ಸಚಿವರಿದ್ದರು. ಸೇಡಂನ ಶರಣಪ್ರಕಾಶ ಪಾಟೀಲರು ಪ್ರತ್ಯೇಕ ಲಿಂಗಾಯತ ಧರ್ಮದ ಪರ. ಭಾಲ್ಕಿಯ ಈಶ್ವರ ಖಂಡ್ರೆಯವರು ‘ವೀರಶೈವ, ಲಿಂಗಾಯತ ಬೇರೆ ಅಲ್ಲ’ ಅನ್ನುವ ಕಡೆ. ಒಂದೇ ಪಕ್ಷ, ಒಂದೇ ಸಂಪುಟ, ಎರಡು ದನಿ.

2018ರ ಮಾರ್ಚ್ 19ರಂದು ಸಂಪುಟ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಮಾಡುವ ತೀರ್ಮಾನ ಮಾಡಿತು. ಅದರ ಪದಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಅಲ್ಲಿ ‘ಲಿಂಗಾಯತ’ವೂ ಇದೆ, ‘ವೀರಶೈವ ಲಿಂಗಾಯತ’ವೂ ಇದೆ, ಜೊತೆಗೆ ಬಸವತತ್ವ ನಂಬುವವರು ಅನ್ನುವ ಷರತ್ತೂ ಇದೆ. ಒಂದೇ ವಾಕ್ಯದಲ್ಲಿ ಇಬ್ಬರಿಗೂ ಜಾಗ! ಪಕ್ಷದ ನಿಲುವು ಎಷ್ಟೋ ಸಲ ಹುಟ್ಟುವುದೇ ಹೀಗೆ, ಇಬ್ಬರು ಜಗಳವಾಡಿದ ಮೇಲೆ ಮೂರನೆಯವರು ಬರೆದ ವಾಕ್ಯವಾಗಿ. ಶಿಫಾರಸು ದಿಲ್ಲಿಗೆ ಹೋಯಿತು, ಕೇಂದ್ರ ಒಪ್ಪಲಿಲ್ಲ.

ಅದೇ ಮೇ ತಿಂಗಳ ಚುನಾವಣೆಯಲ್ಲಿ ಪಾಟೀಲರು ಸೋತರು, ಖಂಡ್ರೆಯವರು ಗೆದ್ದರು. ಧರ್ಮದ ವಿಷಯವೇ ಕಾರಣ ಅನ್ನುವವರಿದ್ದಾರೆ. ನನಗಂತೂ ಅಷ್ಟು ಸರಳ ಅನ್ನಿಸಲ್ಲ. 2023ರಲ್ಲಿ ಇಬ್ಬರೂ ಮತ್ತೆ ಒಂದೇ ಸಂಪುಟ ಸೇರಿದರು. ಭಿನ್ನ ದನಿ ಎತ್ತಿದರೆ ರಾಜಕೀಯ ಮುಗಿಯಿತು ಅಂತೇನಿಲ್ಲ.

(ದೃಶ್ಯ: ವಿಧಾನಸೌಧ)

ಹಾಗಾದರೆ ಬೇರೆ ಮಾತಾಡಿದರೆ ಕುರ್ಚಿ ಹೋಗುವುದಿಲ್ಲವಾ? ಬರೀ ಮಾತಾಡಿದ್ದಕ್ಕೆ ಶಾಸಕ ಸ್ಥಾನ ಹೋಗಲ್ಲ. ಪಕ್ಷ ನೋಟಿಸ್ ಕೊಡಬಹುದು, ಮಂತ್ರಿಗಿರಿ ಕಿತ್ತುಕೊಳ್ಳಬಹುದು, ಅದು ಬೇರೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಮುಖ್ಯವಾಗಿ ಹಿಡಿಯುವುದು ಎರಡನ್ನು. ಒಂದು, ತಾನಾಗಿ ಪಕ್ಷ ಬಿಡುವುದು. ಇನ್ನೊಂದು, ವಿಪ್, ಅಂದರೆ ‘ಹೀಗೇ ಮತ ಹಾಕಿ’ ಅನ್ನುವ ಪಕ್ಷದ ಆದೇಶ, ಅದನ್ನು ಮೀರಿ ಸದನದಲ್ಲಿ ಮತ ಹಾಕುವುದು, ಇಲ್ಲವೇ ಹಾಕದೆ ಇರುವುದು. ಅದನ್ನೂ ಪಕ್ಷ 15 ದಿನದೊಳಗೆ ಮನ್ನಿಸಿದರೆ ಬಚಾವ್. ಆದರೆ ರಾಜೀನಾಮೆ ಕೊಡದೆಯೇ ಇನ್ನೊಂದು ಪಕ್ಷದ ಪರ ಪ್ರಚಾರಕ್ಕೆ ಇಳಿದರೆ ಪಕ್ಷ ಬಿಟ್ಟ ಹಾಗೇ ಅಂತ ಲೆಕ್ಕ ಹಾಕಬಹುದು.

1992ರ ಕಿಹೊತೊ ಹೊಲ್ಲೊಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಉಳಿಸಿಕೊಂಡಿತು. ಜೊತೆಗೆ ಒಂದು ಮಾತು ಹೇಳಿತು. ಸದಸ್ಯತ್ವಕ್ಕೇ ಕುತ್ತು ತರುವಂಥ ವಿಪ್ ಎಲ್ಲದಕ್ಕೂ ಬೇಡ, ಸರ್ಕಾರ ಉಳಿಯುವ ಪ್ರಶ್ನೆಗೆ ಮತ್ತು ಯಾವ ಮುಖ್ಯ ಕಾರ್ಯಕ್ರಮ ಹೇಳಿ ಪಕ್ಷ ಓಟು ಕೇಳಿತ್ತೋ ಅದಕ್ಕೆ ಇರಲಿ ಅಂತ. ಅಂದರೆ ಪ್ರಣಾಳಿಕೆ ಸುಮ್ನೆ ಹಂಚುವ ಪುಸ್ತಕವಲ್ಲ ಅಂತಾಯಿತು. ನಮ್ಮಲ್ಲಿ ಅದನ್ನು ಓದುವವರು ಎಷ್ಟು ಜನ, ಕೇಳಬೇಡಿ.

ಅದಕ್ಕೇ ನಮ್ಮ ಲೀಡರ್‌ಗಳ ಭಿನ್ನಾಭಿಪ್ರಾಯ ಮದುವೆ ಮಂಟಪದಲ್ಲಿ, ಮಠದ ಜಾತ್ರೆಯಲ್ಲಿ, ಟಿವಿ ಮೈಕ್ ಮುಂದೆ ಕೇಳಿಸುತ್ತದೆ. ಸದನದಲ್ಲಿ ಕೈ ಎತ್ತುವ ಹೊತ್ತಿಗೆ ಮಾಯ.

(ದೃಶ್ಯ: ಜಾತಿ ಸಮೀಕ್ಷೆಯ ಸುದ್ದಿ ತುಣುಕುಗಳು)

ತೀರಾ ಇತ್ತೀಚಿನದು ಜಾತಿಗಣತಿ. 2024ರ ಲೋಕಸಭೆ ಚುನಾವಣೆಗೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ದೇಶಾದ್ಯಂತ ಜಾತಿಗಣತಿಯ ಭರವಸೆ ಇತ್ತು. ಪಕ್ಷದ ಅಧ್ಯಕ್ಷರು ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರೇ. ಆದರೆ ರಾಜ್ಯದ ಹಳೇ ಸಮೀಕ್ಷೆಯ ವರದಿ 2025ರಲ್ಲಿ ಸಂಪುಟದ ಮುಂದೆ ಬಂದಾಗ ಲಿಂಗಾಯತ, ಒಕ್ಕಲಿಗ ಸಚಿವರಿಂದಲೇ ತಕರಾರು. ಜಾತಿಗಣತಿ ಬೇಡ ಅಂತ ಅವರು ಹೇಳಲಿಲ್ಲ, ‘ಈ ಲೆಕ್ಕ ಸರಿಯಿಲ್ಲ’ ಅಂದರು. ಜಾಣ ದಾರಿ ನೋಡಿ! ಪ್ರಣಾಳಿಕೆಗೂ ಎದುರಾಡಿದಂತಾಗಲಿಲ್ಲ, ಸಮಾಜದವರಿಗೂ ಮುಖ ತೋರಿಸಿದಂತಾಯಿತು. ಜೂನ್‌ನಲ್ಲಿ ಹೈಕಮಾಂಡ್ ಮತ್ತೆ ಎಣಿಸಿ ಅಂದಿತು. ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆ ಶುರುವಾಯಿತು.

ಇಷ್ಟನ್ನೂ ಆ ಹಿರಿಯರಿಗೆ ಹೇಳಿದೆ. ಅವರು ಕಪ್ ಕೆಳಗಿಟ್ಟು ಅಂದರು: “ಹಂಗಿದ್ರ ಅಂವ ಏನಂದ ಅಂತ ಕೇಳೂದಲ್ಲ, ಎಲ್ಲಿ ನಿಂತು ಅಂದ ಅಂತ ಕೇಳಬೇಕು.” ಚಹಾದ ರೊಕ್ಕ ನಾನೇ ಕೊಟ್ಟೆ.