ತಪ್ಪು ಮಾಡಿದ ಸಿಪಾಯಿಯ ಅರ್ಜಿ

ಕೇಳುಗರಿಗೆ ನಮಸ್ಕಾರ. ಕೆಳದರ್ಜೆಯ ಬಿಡುಗಡೆ ಪಡೆದ ಸಿಪಾಯಿ ಅದನ್ನು ಏರಿಸಿ ಎಂದು ಹಾಕುವ ಅರ್ಜಿಯ ಬಗ್ಗೆ ಇವತ್ತಿನ ಮಾತು.

ಅಮೆರಿಕದ ಸೇನೆಯಿಂದ ಹೊರಬರುವ ಪ್ರತಿಯೊಬ್ಬ ಸಿಪಾಯಿಗೂ ಒಂದು ಕಾಗದ ಕೊಟ್ಟು ಕಳಿಸುತ್ತಾರೆ. ಡಿಡಿ 214 ಅಂತ ಅದರ ಹೆಸರು. ಎಲ್ಲೆಲ್ಲಿ ದುಡಿದ, ಎಷ್ಟು ವರ್ಷ, ಯಾವ ಪದಕ ಬಂತು, ಎಲ್ಲವೂ ಅದರಲ್ಲಿರುತ್ತದೆ. ಆದರೆ ಅವನ ಮುಂದಿನ ಬದುಕು ನಿಂತಿರುವುದು ಅದರ ಎರಡು ಕಲಮುಗಳ ಮೇಲೆ. 24ನೆಯದರಲ್ಲಿ ಸೇವೆ ಯಾವ ದರ್ಜೆಯದು ಎಂದು ಬರೆದಿರುತ್ತಾರೆ. 28ನೆಯದರಲ್ಲಿ ಯಾಕೆ ಬಿಡಿಸಿ ಕಳಿಸಿದೆವು ಎಂಬ ಕಾರಣ. ಅಲ್ಲಿ 'ದುರ್ನಡತೆ' ಎಂದು ಬಿದ್ದರೆ, ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಅದಕ್ಕೆ ಉತ್ತರ ಕೊಡುತ್ತಲೇ ಇರಬೇಕು.

ದರ್ಜೆಗಳು ಐದು. ಮೊದಲನೆಯದು ಆನರಬಲ್, ಅಂದರೆ ಪೂರ್ತಿ ಗೌರವದ ಬಿಡುಗಡೆ. ಎರಡನೆಯದು ಜನರಲ್. ಮೇಲ್ನೋಟಕ್ಕೆ ಇದೂ ಚೆನ್ನಾಗಿಯೇ ಕಾಣುತ್ತದೆ, ಆದರೆ ಜಿಐ ಬಿಲ್ ಎಂಬ ಕಾಯಿದೆಯಡಿ ಕಾಲೇಜು ಓದಿಗೆ ಸರ್ಕಾರ ಕೊಡುವ ಹಣ ಇವನಿಗೆ ಸಿಗುವುದಿಲ್ಲ. ಮೂರನೆಯದು ಅದರ್ ದ್ಯಾನ್ ಆನರಬಲ್. ಇದು ಬಂತೆಂದರೆ ಆಸ್ಪತ್ರೆ, ಅಂಗವೈಕಲ್ಯದ ಪರಿಹಾರ, ಮನೆ ಸಾಲ ಎಲ್ಲವೂ ಅನುಮಾನ; ಮಾಜಿ ಸೈನಿಕರ ಇಲಾಖೆ ತಾನೇ ಬೇರೆ ವಿಚಾರಣೆ ಮಾಡಿ, ಇವನಿಗೆ ಕೊಡಬಹುದೋ ಬಾರದೋ ಎಂದು ತೀರ್ಮಾನಿಸುತ್ತದೆ. ಕೊನೆಯ ಎರಡು, ಬ್ಯಾಡ್ ಕಂಡಕ್ಟ್ ಮತ್ತು ಡಿಸ್‌ಆನರಬಲ್, ಕೋರ್ಟ್ ಮಾರ್ಷಲ್, ಅಂದರೆ ಸೇನೆಯದೇ ನ್ಯಾಯಾಲಯದ ವಿಚಾರಣೆ, ನಡೆದು ಶಿಕ್ಷೆಯಾದವರಿಗೆ ಮಾತ್ರ.

ನಾನು ಇವತ್ತು ಮಾತಾಡಬೇಕೆಂದಿರುವುದು ಮುಖ್ಯವಾಗಿ ಮೂರನೆಯವನ ಬಗ್ಗೆ. ಅವನ ಮೇಲೆ ಸರಿಯಾದ ವಿಚಾರಣೆಯೇ ನಡೆದಿರುವುದಿಲ್ಲ. ಗಾಂಜಾ ಸೇದಿದ್ದು ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿರುತ್ತದೆ, ಅಥವಾ ಹೇಳದೆ ಕೇಳದೆ ಊರಿಗೆ ಹೋಗಿ ತಿಂಗಳುಗಟ್ಟಲೆ ವಾಪಸ್ ಬಂದಿರುವುದಿಲ್ಲ, ಅಥವಾ ಕುಡಿದು ಮೇಲಿನವನ ಮೇಲೆ ಕೈ ಮಾಡಿರುತ್ತಾನೆ. ಅಧಿಕಾರಿ ಕರೆದು ಎರಡು ದಾರಿ ತೋರಿಸುತ್ತಾನೆ: ಕೋರ್ಟ್ ಮಾರ್ಷಲ್ ಎದುರಿಸು, ಇಲ್ಲವೇ ಇಲ್ಲಿ ಸಹಿ ಮಾಡಿ ಮನೆಗೆ ಹೋಗು. ಇಪ್ಪತ್ತು ಇಪ್ಪತ್ತೊಂದರ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ನಾನು ಹೇಳಬೇಕಾಗಿಲ್ಲ. ಅವನಿಗೆ ಮನೆ ಸೇರಿದರೆ ಸಾಕಾಗಿರುತ್ತದೆ. ಇದರ ಜೊತೆಗೆ ಬ್ಯಾರಕ್ಕುಗಳಲ್ಲಿ ಒಂದು ಮಾತು ಬಹಳ ಕಾಲದಿಂದ ಓಡಾಡುತ್ತಿದೆ: "ಸಹಿ ಹಾಕು, ಆರು ತಿಂಗಳು ಕಳೆದರೆ ಅದು ತಾನಾಗಿಯೇ ಆನರಬಲ್ ಆಗುತ್ತದೆ." ಇದು ಶುದ್ಧ ಸುಳ್ಳು. ತಾನಾಗಿ ಏನೂ ಆಗುವುದಿಲ್ಲ. ಅರ್ಜಿ ಹಾಕಬೇಕು, ಪುರಾವೆ ಕೊಡಬೇಕು, ತಿಂಗಳಲ್ಲ, ವರ್ಷಗಟ್ಟಲೆ ಕಾಯಬೇಕಾಗಬಹುದು. ಈ ಸುಳ್ಳನ್ನು ನಂಬಿ ಸಹಿ ಹಾಕಿ, ಹತ್ತು ವರ್ಷದ ಮೇಲೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ವಿಷಯ ತಿಳಿದವರು ಬಹಳ ಮಂದಿ.

ಅರ್ಜಿ ಹಾಕಲು ದಾರಿ ಎರಡು. 1944ರಲ್ಲಿ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಬಂದ ಅದೇ ಜಿಐ ಬಿಲ್ ಕಾಯಿದೆಯಲ್ಲಿ ಡಿಸ್ಚಾರ್ಜ್ ಮರುಪರಿಶೀಲನಾ ಮಂಡಳಿಗಳನ್ನು ಮಾಡಿದರು. ಸೇನೆ ಬಿಟ್ಟ 15 ವರ್ಷದ ಒಳಗೆ ಇಲ್ಲಿಗೆ ಹೋಗಬಹುದು. ಕನಿಷ್ಠ ಮೂವರ ಸಮಿತಿ ಕಡತ ನೋಡುತ್ತದೆ. ಬೇಕಾದರೆ ಅರ್ಜಿದಾರ ಎದುರಿಗೆ ಹಾಜರಾಗಿ ಮಾತಾಡಬಹುದು. 15 ವರ್ಷ ಮೀರಿದ್ದರೆ, ಅಥವಾ ಕೋರ್ಟ್ ಮಾರ್ಷಲ್‌ನ ದೊಡ್ಡ ಶಿಕ್ಷೆಯಾಗಿದ್ದರೆ, ಸೇನಾ ದಾಖಲೆಗಳನ್ನು ತಿದ್ದುವ ಇನ್ನೊಂದು ಮಂಡಳಿ ಇದೆ. ಅಲ್ಲಿ ಕೂರುವವರು ಸಮವಸ್ತ್ರದವರಲ್ಲ, ನಾಗರಿಕ ಅಧಿಕಾರಿಗಳು. ಅದಕ್ಕೆ 3 ವರ್ಷದ ಗಡುವು ಎಂದು ಬರೆದಿದೆ, ಆದರೆ ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ ಗಡುವನ್ನು ಬದಿಗಿಡುವ ಅಧಿಕಾರ ಮಂಡಳಿಗಿದೆ. ಐವತ್ತು ವರ್ಷ ಹಳೆಯ ವಿಯೆಟ್ನಾಂ ಕಾಲದ ಅರ್ಜಿಗಳು ಇಂದಿಗೂ ಬರುತ್ತಿರುವುದು ಈ ಸಂದಿನಿಂದಲೇ.

ಇಲ್ಲಿ ಒಂದು ಹಳೆಯ ಪ್ರಕರಣ ಹೇಳಬೇಕು. 1906ರ ಆಗಸ್ಟ್, ಟೆಕ್ಸಸ್ ರಾಜ್ಯದ ಬ್ರೌನ್ಸ್‌ವಿಲ್ ಪಟ್ಟಣ. ಒಂದು ರಾತ್ರಿ ಬೀದಿಯಲ್ಲಿ ಗುಂಡು ಹಾರಿತು. ಶರಾಬು ಅಂಗಡಿಯ ಒಬ್ಬ ಸತ್ತ, ಪೊಲೀಸ್ ಅಧಿಕಾರಿಯೊಬ್ಬನಿಗೆ ಗಾಯವಾಯಿತು. ಊರಿನವರು ಬೊಟ್ಟು ಮಾಡಿದ್ದು ಹತ್ತಿರದ ಕೋಟೆಯಲ್ಲಿದ್ದ 25ನೇ ಪದಾತಿ ದಳದ ಕಪ್ಪು ಸೈನಿಕರ ಕಡೆಗೆ. ಆ ಹೊತ್ತಿನಲ್ಲಿ ಇವರೆಲ್ಲ ಬ್ಯಾರಕ್ಕಿನಲ್ಲೇ ಇದ್ದರು ಎಂದು ಅವರ ಬಿಳಿಯ ಅಧಿಕಾರಿಗಳೇ ಹೇಳಿದರು. ಯಾರು ಮಾಡಿದ್ದು ಹೇಳಿ ಎಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ, ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ಮೌನವೇ ಒಳಸಂಚು ಎಂದಾಯಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 167 ಮಂದಿಯನ್ನು ಒಂದೇ ಏಟಿಗೆ ಗೌರವವಿಲ್ಲದೆ ಹೊರಹಾಕಿದ. ವಿಚಾರಣೆಯಿಲ್ಲ, ಪೆನ್ಷನ್ ಇಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದವರೂ ಅವರಲ್ಲಿದ್ದರು. ಸೇನೆ ಆ ಆದೇಶವನ್ನು ತಿದ್ದಿದ್ದು 1972ರಲ್ಲಿ, 66 ವರ್ಷದ ಮೇಲೆ. ಹೆಚ್ಚಿನವರಿಗೆ ಗೌರವ ಬಂದದ್ದು ಸತ್ತ ಮೇಲೆಯೇ. ಮಿನಿಯಾಪೊಲಿಸ್‌ನ ಕ್ಷೌರದಂಗಡಿಯೊಂದರಲ್ಲಿ ದಶಕಗಳ ಕಾಲ ನೆಲ ಗುಡಿಸಿ, ಬೂಟು ಪಾಲಿಶ್ ಮಾಡಿ ಬದುಕಿದ್ದ ಡಾರ್ಸಿ ವಿಲ್ಲಿಸ್ ಎಂಬ ಮುದುಕನಿಗೆ ಆ ಕಾಗದ ಕೈಗೆ ಸಿಕ್ಕಿತು. ಸರ್ಕಾರ 25,000 ಡಾಲರ್ ಕೊಟ್ಟಿತು.

ಈ ಕತೆ ಕೇಳಿದರೆ ಯಾರಿಗಾದರೂ ಮರುಕ ಬರುತ್ತದೆ, ಯಾಕೆಂದರೆ ಅವರು ನಿರಪರಾಧಿಗಳು. ಕಷ್ಟ ಇರುವುದು ಬೇರೆ ಕಡೆ. ಗಾಂಜಾ ಸೇದಿದ್ದು ನಿಜ, ಓಡಿಹೋದದ್ದು ನಿಜ, ಹೊಡೆದದ್ದೂ ನಿಜ. ಅಂಥವನು ಬಂದು, "ನನ್ನ ದರ್ಜೆ ಏರಿಸಿ" ಎಂದರೆ ಏನು ಹೇಳಬೇಕು? ಶಿಸ್ತೇ ಪ್ರಾಣವಾಗಿರುವ ಸಂಸ್ಥೆಯಲ್ಲಿ ಇದಕ್ಕೆ ಸಲೀಸಾದ ಉತ್ತರ ಇಲ್ಲ. ಅದೇ ಗುಡಾರದಲ್ಲಿದ್ದು, ಅದೇ ಗುಂಡಿನ ಸದ್ದು ಕೇಳಿ, ಯಾವ ತಪ್ಪೂ ಮಾಡದೆ ಸೇವೆ ಮುಗಿಸಿದವನಿಗೆ ಕೋಪ ಬಂದರೆ ಆ ಕೋಪದಲ್ಲಿ ನ್ಯಾಯವಿದೆ. ಆದರೂ ತಪ್ಪು ಮಾಡಿದವನ ಅರ್ಜಿಯನ್ನು ತೆರೆದು ಓದಲೇಬೇಕು ಎಂಬ ಕಡೆಗೇ ನಾನು. ಯಾಕೆ ಎನ್ನುವುದಕ್ಕೆ ಕಾನ್ಲಿ ಮಂಕ್ ಅವರ ಪ್ರಕರಣ ನೋಡಿ.

ಮಂಕ್ ಮೆರೀನ್ ದಳದವರು, ಕಪ್ಪು ಜನಾಂಗದವರು. ವಿಯೆಟ್ನಾಮಿನಲ್ಲಿ ಯುದ್ಧ ಕಂಡವರು. ಅಲ್ಲಿಂದ ಜಪಾನಿನ ಓಕಿನಾವಾಕ್ಕೆ ಹೋದ ಮೇಲೆ ಜಗಳಗಳಲ್ಲಿ ಸಿಕ್ಕಿಹಾಕಿಕೊಂಡರು. ಬೇಗ ಹೊರಬರಬಹುದೆಂದು ಸಹಿ ಹಾಕಿದರು, ಕೆಳದರ್ಜೆಯ ಬಿಡುಗಡೆಯೊಂದಿಗೆ ಮನೆಗೆ ಬಂದರು. ಯುದ್ಧದ ಆಘಾತದಿಂದ ಬರುವ ಮನೋರೋಗಕ್ಕೆ, ಅಂದರೆ ಇಂದು ಎಲ್ಲರೂ ಪಿಟಿಎಸ್‌ಡಿ ಎನ್ನುವುದಕ್ಕೆ, ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 1980ರಲ್ಲಿ. ಅದಕ್ಕೆ ಮುಂಚೆ ಹೊರಬಿದ್ದ ಸಿಪಾಯಿ ತನ್ನ ಕಾಯಿಲೆಯನ್ನು ದಾಖಲೆಯಲ್ಲಿ ತೋರಿಸುವುದು ಹೇಗೆ? ವೈದ್ಯರ ಪುಸ್ತಕದಲ್ಲೇ ಅದು ಇರಲಿಲ್ಲವಲ್ಲ. ನಿದ್ದೆ ಬಾರದ್ದು, ಸಣ್ಣ ಸದ್ದಿಗೆ ಬೆಚ್ಚುವುದು, ಎದುರಿಗೆ ಬಂದವನ ಮೇಲೆ ಎರಗುವುದು, ಇವೆಲ್ಲ ಕಡತಕ್ಕೆ ಹೋದದ್ದು 'ಅವಿಧೇಯತೆ' ಎಂಬ ತಲೆಬರಹದ ಕೆಳಗೆ. 2014ರಲ್ಲಿ ಮಂಕ್ ಮತ್ತಿತರ ವಿಯೆಟ್ನಾಂ ಸೈನಿಕರು, ಯೇಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳ ನೆರವಿನಿಂದ, ಫೆಡರಲ್ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್, ಇಂಥ ಅರ್ಜಿಗಳನ್ನು ಉದಾರವಾಗಿ ನೋಡಿ ಎಂದು ಮಂಡಳಿಗಳಿಗೆ ಸೂಚನೆ ಕಳಿಸಿದರು. ಹೇಗಲ್ ತಾವೇ ವಿಯೆಟ್ನಾಮಿನಲ್ಲಿ ಸಾರ್ಜೆಂಟ್ ಆಗಿ ಗಾಯಗೊಂಡು ಬಂದವರು ಎನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಮರುವರ್ಷ ಮಂಕ್ ಅವರ ದರ್ಜೆ ಏರಿತು.

2017ರ ಆಗಸ್ಟಿನಲ್ಲಿ ಇನ್ನೊಂದು ಸೂಚನೆ ಬಂತು. ಅದರಲ್ಲಿ ಮಂಡಳಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸ್ಪಷ್ಟವಾಗಿವೆ. ಈತನಿಗೆ ಕಾಯಿಲೆ ಇತ್ತೇ, ಅಥವಾ ಲೈಂಗಿಕ ದೌರ್ಜನ್ಯದಂಥದ್ದು ಇವರ ಮೇಲೆ ನಡೆದಿತ್ತೇ? ಅದು ಸೇವೆಯಲ್ಲಿದ್ದಾಗಲೇ ಆದದ್ದೇ? ಮಾಡಿದ ತಪ್ಪಿಗೆ ಅದು ಕಾರಣವಾಗಬಲ್ಲದೇ? ಮತ್ತು ಆ ಕಾರಣ, ತಪ್ಪಿಗಿಂತ ತೂಕವಾಗಿದೆಯೇ? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಕೊನೆಯ ಪ್ರಶ್ನೆ. ಕಾಯಿಲೆ ಇತ್ತು ಎಂದಮಾತ್ರಕ್ಕೆ ದರ್ಜೆ ಏರುವುದಿಲ್ಲ. ಯುದ್ಧದ ಕೆಟ್ಟ ಕನಸಿನಿಂದ ತಪ್ಪಿಸಿಕೊಳ್ಳಲು ಗಾಂಜಾ ಸೇದಿದ ಎಂದರೆ ನಂಬಬಹುದು. ಗಾಂಜಾ ಮಾರಿ ದುಡ್ಡು ಮಾಡಿದವನು ಅದೇ ಕಾರಣ ಹೇಳಿದರೆ ಮಂಡಳಿ ಹುಬ್ಬೇರಿಸುತ್ತದೆ, ಏರಿಸಲೂ ಬೇಕು.

ಇಂಥವರು ಎಷ್ಟು ಮಂದಿ? ನಮ್ಮ ಸಿಎಜಿಯಂತೆ ಅಲ್ಲಿ ಸಂಸತ್ತಿಗೆ ವರದಿ ಒಪ್ಪಿಸುವ ಜಿಎಒ ಎಂಬ ಸಂಸ್ಥೆ 2017ರಲ್ಲಿ ಲೆಕ್ಕ ತೆಗೆಯಿತು. 2011ರಿಂದ 2015ರವರೆಗಿನ ಐದು ಹಣಕಾಸು ವರ್ಷಗಳಲ್ಲಿ ದುರ್ನಡತೆಗಾಗಿ ಹೊರಬಿದ್ದವರು 91,764. ಅವರಲ್ಲಿ 57,141 ಮಂದಿಗೆ, ಅಂದರೆ ಶೇಕಡಾ 62 ಜನಕ್ಕೆ, ಹೊರಬೀಳುವ ಮುಂಚಿನ ಎರಡು ವರ್ಷದೊಳಗೆ ಪಿಟಿಎಸ್‌ಡಿಯೋ, ತಲೆಗೆ ಬಿದ್ದ ಪೆಟ್ಟೋ, ಖಿನ್ನತೆಯಂಥ ಇನ್ನೊಂದೋ ಇದೆ ಎಂದು ವೈದ್ಯರು ಬರೆದಿದ್ದರು. ಈ 62ನ್ನು ಸಿಪಾಯಿಗಳ ಪರ ಮಾತಾಡುವವರು ಎಲ್ಲ ಕಡೆ ಎತ್ತಿ ಹಿಡಿಯುತ್ತಾರೆ. ಆದರೆ ಆ ಪಟ್ಟಿಯಲ್ಲಿ ಕುಡಿತದ ಚಟವೂ ಸೇರಿದೆ ಎಂಬುದನ್ನು ಗಮನಿಸಬೇಕು. ಪಿಟಿಎಸ್‌ಡಿ ಮತ್ತು ತಲೆಪೆಟ್ಟು ಎರಡನ್ನೇ ತೆಗೆದುಕೊಂಡರೆ ಅದು ಶೇಕಡಾ 16ಕ್ಕೆ ಇಳಿಯುತ್ತದೆ. 16 ಕೂಡ ಸಣ್ಣದಲ್ಲ. ವೈದ್ಯರು ಕಾಯಿಲೆ ಎಂದು ಬರೆದ ಮೇಲೂ ಅಧಿಕಾರಿಗಳು ದುರ್ನಡತೆ ಎಂದೇ ಕಳಿಸಿದ್ದಾರೆ ಎಂದಾಯಿತಲ್ಲ.

ಗೆಲ್ಲುವ ಅರ್ಜಿ ಹೇಗಿರುತ್ತದೆ? ಸೇನೆ ಮಾಡಿದ್ದೇ ಸರಿ ಎಂದು ಮೊದಲು ಊಹಿಸಿಕೊಂಡೇ ಮಂಡಳಿ ಕೂರುತ್ತದೆ; ಅಲ್ಲವೆಂದು ತೋರಿಸುವ ಹೊರೆ ಅರ್ಜಿದಾರನದು. ಬರೀ ಫಾರಂ ತುಂಬಿ, "ನನಗೆ ಅನ್ಯಾಯವಾಗಿದೆ, ಕೆಲಸ ಸಿಗುತ್ತಿಲ್ಲ" ಎಂದು ನಾಲ್ಕು ಸಾಲು ಬರೆದರೆ ಅದು ತಿರಸ್ಕೃತವಾದಂತೆಯೇ ಲೆಕ್ಕ. ವೈದ್ಯರ ದಾಖಲೆ ಬೇಕು. ಜೊತೆಯಲ್ಲಿದ್ದ ಸಿಪಾಯಿಗಳ ಹೇಳಿಕೆ ಬೇಕು. ಹೋಗುವಾಗ ಹೀಗಿದ್ದ, ಬರುವಾಗ ಹೀಗಾಗಿದ್ದ ಎಂದು ಹೆಂಡತಿಯೋ ತಾಯಿಯೋ ಬರೆದ ಪತ್ರಕ್ಕೂ ಬೆಲೆ ಇದೆ. ಸೇನೆ ಬಿಟ್ಟ ಮೇಲೆ ಹೇಗೆ ಬದುಕಿದ ಎನ್ನುವುದನ್ನೂ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯ ಅವನದೇ ಹೇಳಿಕೆ. ಮಾಡಿದ್ದನ್ನು ಮಾಡಿದೆ ಎಂದು ಒಪ್ಪಿಕೊಂಡು, ಆಗ ತನ್ನ ಸ್ಥಿತಿ ಏನಿತ್ತು ಎಂದು ತಾರೀಖು ಸಮೇತ ಹೇಳಬೇಕು. ತಪ್ಪನ್ನು ಮುಚ್ಚಿಟ್ಟರೆ ಕಡತದಲ್ಲಿ ಅದು ಇದ್ದೇ ಇರುತ್ತದೆ, ಮತ್ತೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಹಳಬರಿಗೆ ಇನ್ನೊಂದು ಕಷ್ಟ: 1973ರ ಜುಲೈಯಲ್ಲಿ ಸೇಂಟ್ ಲೂಯಿಸ್‌ನ ಸೇನಾ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತಗಳು ಸುಟ್ಟುಹೋದವು. ಹಾಗೆ ಕಡತ ಕಳೆದುಕೊಂಡವರು ಪುರಾವೆಯನ್ನು ಅಟ್ಟದ ಪೆಟ್ಟಿಗೆಗಳಲ್ಲಿ, ಹಳೆಯ ಕಾಗದ ಪತ್ರಗಳಲ್ಲಿ ಹುಡುಕಬೇಕು.

ಅಮೆರಿಕದಲ್ಲಿ ಮಕ್ಕಳಿರುವ ಕೇಳುಗರಿಗೆ ಒಂದು ಮಾತು. ಗ್ರೀನ್ ಕಾರ್ಡ್ ಇದ್ದವರು ಅಲ್ಲಿಯ ಸೇನೆ ಸೇರಬಹುದು, ಸೇವೆಯ ಆಧಾರದ ಮೇಲೆ ಬೇಗ ಪೌರತ್ವ ಪಡೆಯಲೂಬಹುದು. ಆದರೆ ಒಟ್ಟು ಐದು ವರ್ಷದ ಗೌರವಯುತ ಸೇವೆ ತುಂಬುವ ಮುಂಚೆ ಕೆಳದರ್ಜೆಯ ಬಿಡುಗಡೆಯಾದರೆ, ಹಾಗೆ ಸಿಕ್ಕ ಪೌರತ್ವವನ್ನೇ ಹಿಂತೆಗೆದುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಅಂಥ ಹುಡುಗ ವಕೀಲರನ್ನು ಕಾಣದೆ ಯಾವ ಕಾಗದಕ್ಕೂ ಸಹಿ ಹಾಕಬಾರದು.

ನಮ್ಮಲ್ಲಿ ಹೇಗೆ? ಕೊಡಗಿನಲ್ಲಿ, ಬೆಳಗಾವಿಯ ಕಡೆಯ ಹಳ್ಳಿಗಳಲ್ಲಿ ಈ ಮಾತು ಕೇಳುತ್ತಿರುವ ಮಾಜಿ ಸೈನಿಕರಿಗೆ 'ರೆಡ್ ಇಂಕ್ ಎಂಟ್ರಿ' ಎಂದರೆ ಏನೆಂದು ಗೊತ್ತು. ರಜೆ ಮುಗಿದರೂ ಬಾರದಿದ್ದರೆ, ಕುಡಿದು ಗಲಾಟೆ ಮಾಡಿದರೆ, ಶಿಕ್ಷೆ ಕೆಂಪು ಶಾಯಿಯಲ್ಲಿ ದಾಖಲಾಗುತ್ತದೆ. ಅಂಥವು ನಾಲ್ಕಾದರೆ 1954ರ ಸೇನಾ ನಿಯಮಗಳ 13ನೇ ನಿಯಮದಡಿ ಮನೆಗೆ ಕಳಿಸುವ ಪರಿಪಾಠವಿತ್ತು. ಸಿಪಾಯಿಗೆ ಪೆನ್ಷನ್ ಬರಲು 15 ವರ್ಷ ಸೇವೆ ಬೇಕು. ಹದಿಮೂರು ಹದಿನಾಲ್ಕಕ್ಕೆ ಕಳಿಸಿಬಿಟ್ಟರೆ ಬರಿಗೈ. ದುರ್ನಡತೆಗಾಗಿ ಹೊರಹೋದವನನ್ನು ಮಾಜಿ ಸೈನಿಕನೆಂದೇ ಎಣಿಸುವುದಿಲ್ಲ, ಹಾಗಾಗಿ ನೌಕರಿಯ ಮೀಸಲಾತಿಯೂ ಇಲ್ಲ. ದರ್ಜೆ ಏರಿಸುವ ಅಮೆರಿಕದಂಥ ಮಂಡಳಿ ನಮ್ಮಲ್ಲಿಲ್ಲ. ಇರುವುದು 2007ರ ಕಾಯಿದೆಯಡಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರು ಕೊಚ್ಚಿ ಪೀಠಕ್ಕೆ ಹೋಗಬೇಕು, ಸಾಮಾನ್ಯವಾಗಿ ಆರು ತಿಂಗಳೊಳಗೆ. ತಡವಾದರೆ ಸಕಾರಣ ಕೊಟ್ಟು ಮನ್ನಿಸಿ ಎಂದು ಕೇಳಿಕೊಳ್ಳಬಹುದು.

2015ರಲ್ಲಿ ವೀರೇಂದ್ರ ಕುಮಾರ್ ದುಬೆ ಎಂಬ ಸಿಪಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ನಾಲ್ಕು ಕೆಂಪು ನಮೂದು ಇದ್ದಮಾತ್ರಕ್ಕೆ ಕಳಿಸಲೇಬೇಕೆಂದಿಲ್ಲ. ತಪ್ಪು ಎಷ್ಟು ದೊಡ್ಡದು, ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಠಿಣ ಜಾಗಗಳಲ್ಲಿ ಇದ್ದ, ಪೆನ್ಷನ್ ಎಷ್ಟು ಹತ್ತಿರದಲ್ಲಿದೆ, ಇವನ್ನೆಲ್ಲ ತೂಗಿ ನೋಡಬೇಕು, ಅದಕ್ಕೆ ಮುಂಚೆ ವಿಚಾರಣೆ ನಡೆಸಬೇಕು. ದುಬೆ ಅವರನ್ನು ಮತ್ತೆ ಸೇನೆಗೆ ತೆಗೆದುಕೊಳ್ಳಿ ಎಂದು ನ್ಯಾಯಾಲಯ ಹೇಳಲಿಲ್ಲ, ಹಿಂದಿನ ಸಂಬಳವನ್ನೂ ಕೊಡಿಸಲಿಲ್ಲ. ಪೆನ್ಷನ್ನಿಗೆ ಬೇಕಾದ ಅವಧಿ ಮುಗಿಯುವವರೆಗೂ ಅವರು ಸೇವೆಯಲ್ಲಿದ್ದರೆಂದು ಭಾವಿಸಿ ಪೆನ್ಷನ್ ಕೊಡಿ ಎಂದಿತು.

ನಮಸ್ಕಾರ.